ಮರಿಯಮ್ಮ ಎರಡೂ ಮನೇಲವ್ಳೆ

ನಮ್ಮಕ್ಕನ ಮಗಳ ವಿಚಾರ ನಮ್ಮ ಕಡೆ ಹೆಂಗಸ್ರಿಗೆಲ್ಲ ಗೊತ್ತಾಗೋಗದೆ, ಇನ್ನು ಮುಚ್ಚಿಡೋದು ಏನೂ ಉಳಿದಿಲ್ಲ. ಬಿಡದಿ ಕಡೆ ಫ್ಯಾಕ್ಟ್ರೀಲಿ ಕೆಲ್ಸ ಮಾಡೋ ಹುಡುಗಿ. ಅಲ್ಲೇ ಕೆಲ್ಸ ಮಾಡೋ ಚನ್ನಪಟ್ಟಣದ ಮುಸ್ಲಿಂ ಹುಡುಗನ್ನ ಮದ್ವೆ ಆಯ್ತೀನಿ ಅಂತವ್ಳೆ. ನಾವು ಕನಕಪುರ ತಾಲ್ಲೂಕು ಹಾರೋಬೆಲೆ ಕಡೆ ಕ್ಯಾಥೊಲಿಕ್ಕು. ಈ ಮೂರು ತಿಂಗ್ಳಲ್ಲಿ ಅಕ್ಕಂಗೆ ಫೋನ್ ಮಾಡ್ದೋರೆಲ್ಲ ಎರಡರಲ್ಲಿ ಒಂದು ಮಾತು ಹೇಳವ್ರೆ. ಕೆಲವ್ರು, "ಅವ್ರೂ ಯೇಸುಸ್ವಾಮೀನ ನಂಬ್ತಾರಂತೆ, ಮರಿಯಮ್ಮನ್ನೂ ನಂಬ್ತಾರಂತೆ, ಎಲ್ಲಾ ಒಂದೇ ಬುಡವ್ವ" ಅಂದ್ರು. ಇನ್ನು ಕೆಲವ್ರು, "ಅವ್ರಿಗೂ ನಮ್ಗೂ ಎಣ್ಣೆ ಸೀಗೇಕಾಯಿ, ಆಗಿಬರಕಿಲ್ಲ" ಅಂದ್ರು. ಎರಡು ಮಾತೂ ಅಕ್ಕನ ಕಣ್ಣೀರು ನಿಲ್ಲಿಸಲಿಲ್ಲ. ಅವಳಿಗೆ ಬೇಕಾಗಿದ್ದು ಎಲ್ಲಿವರೆಗೆ ಒಂದು, ಎಲ್ಲಿಂದ ಬೇರೆ ಅನ್ನೋ ಲೆಕ್ಕ. ಆ ಲೆಕ್ಕಾನೇ ಇಲ್ಲಿ ಬರೀತಾ ಇದೀನಿ. ಫೋನಲ್ಲಿ ಒಬ್ಬೊಬ್ರಿಗೂ ಹೇಳಕ್ಕಿಂತ ಒಂದೇ ಸಲ ಎಲ್ರೂ ಓದ್ಕೊಳ್ಲಿ.

ನಾನು ಮದ್ವೆ ಆಗಿ ರಾಮನಗರಕ್ಕೆ ಬಂದು ಇಪ್ಪತ್ತಾರು ವರ್ಷ. ನಮ್ಮ ಬೀದೀಲಿ ಅರ್ಧಕ್ಕರ್ಧ ರೇಷ್ಮೆ ನೂಲು ತೆಗೆಯೋ ಮುಸ್ಲಿಮರ ಮನೆಗಳು. ಮಾರ್ಕೆಟ್ಟಿಂದ ಗೂಡು ಬಂತು ಅಂದ್ರೆ ಬೇಯಿಸೋ ವಾಸ್ನೆ ನಮ್ಮ ಅಡಿಗೆಮನೇಗೂ ಬತ್ತದೆ. ಪಕ್ಕದ ಮನೆ ಆಪಾ ನನಗಿಂತ ಹತ್ತು ವರ್ಷ ದೊಡ್ಡೋರು. ಮನೇಲಿ ಉರ್ದು, ನಮ್ಮ ಜೊತೆ ಕನ್ನಡ. ಚಿಕ್ಕಂದಿನಲ್ಲಿ ಚರ್ಚಿನ ಧರ್ಮೋಪದೇಶದಲ್ಲಿ ನಾನು ಕಲ್ತದ್ದನ್ನೂ, ಆಪಾ ಬಾಯಲ್ಲಿ ಕೇಳಿದ್ದನ್ನೂ ಪಕ್ಕಪಕ್ಕ ಇಟ್ಟು ಹೇಳ್ತೀನಿ.

ಮೊದ್ಲು ಮರಿಯಮ್ಮನ್ನೇ ತಗೊಳ್ಳಣ. ಕುರಾನಿನ ಹತ್ತೊಂಬತ್ತನೇ ಅಧ್ಯಾಯದ ಹೆಸ್ರೇ ಮರಿಯಂ. ಇಡೀ ಕುರಾನಲ್ಲಿ ಹೆಸ್ರು ಹಿಡಿದು ಹೇಳಿರೋ ಹೆಂಗ್ಸು ಅವ್ಳೊಬ್ಳೇ. ಮೂವತ್ತಕ್ಕೂ ಹೆಚ್ಚು ಸಲ ಆ ಹೆಸ್ರು ಬತ್ತದೆ. ದೇವದೂತ ಬಂದು ಮಗು ಆಗ್ತದೆ ಅಂತ ಹೇಳಿದ್ದು, ಗಂಡಸಿನ ಸಂಗ ಇಲ್ದೆ ಬಸುರಾದದ್ದು ಎರಡು ಗ್ರಂಥದಲ್ಲೂ ಅದೆ. ಹೆರಿಗೆ ಕತೆ ಮಾತ್ರ ಬೇರೆ. ನಮ್ಮ ಲೂಕನ ಶುಭಸಂದೇಶದಲ್ಲಿ ಛತ್ರದಲ್ಲಿ ಜಾಗ ಸಿಗ್ದೆ ಮಗೂನ ದನದ ಗೋದಲೀಲಿ ಮಲಗಿಸ್ತಾರೆ, ಜೋಸೆಫ್‌ನೋರು ಜೊತೇಲಿರ್ತಾರೆ. ಕುರಾನಲ್ಲಿ ಜೋಸೆಫ್ ಇಲ್ಲ. ಆಯಮ್ಮ ಒಬ್ಳೇ ದೂರ ಹೋಗಿ, ಖರ್ಜೂರದ ಮರ ಹಿಡ್ಕೊಂಡು, ಇದಕ್ಕೆ ಮುಂಚೆ ನಾನು ಸತ್ತಿದ್ರೇ ವಾಸಿ ಅಂತ ಸಂಕಟ ಪಡ್ತಾಳೆ. ಆಗ ದುಃಖ ಪಡಬೇಡ, ಕಾಲಡೀಲಿ ನೀರು ಹರೀತಾ ಅದೆ, ಮರ ಅಲ್ಲಾಡ್ಸು, ಹಣ್ಣು ಉದುರ್ತದೆ ಅಂತ ದನಿ ಕೇಳಿಸ್ತದೆ. ಆಪಾ ಅವ್ರ ಮನೇಲಿ ಸೊಸೆಗೆ ದಿನ ತುಂಬಿದಾಗ ಖರ್ಜೂರ ತಿನ್ಸಿದ್ದು ಈ ಕತೆ ನೆನೆಸ್ಕೊಂಡೇ. ನಾಲ್ಕು ಹೆತ್ತೋರು ಆಪಾ. ಹೆರಿಗೆ ನೋವಲ್ಲಿ ಸಾಯೋ ಮಾತಾಡಿದ್ರೆ ದೇವ್ರು ಬೈಯ್ಯಲ್ಲ ಅಂತ ಮರಿಯಮ್ಮನ ಕತೆ ಹೇಳ್ತದೆ ಅಂತಾರೆ. ನಮ್ಮ ಕಡೆ ಮರಿಯಮ್ಮನ ಬಗ್ಗೆ ಇಷ್ಟು ಜಪ, ಇಷ್ಟು ಹಬ್ಬ ಇದ್ರೂ ಹೆರಿಗೆ ನೋವಿನ ಮಾತು ನಾನು ಕೇಳಿದ್ದು ಆ ಮನೇಲಿ.

ಬೆಂಗ್ಳೂರು ಶಿವಾಜಿನಗರದ ಸಂತ ಮರಿಯಮ್ಮನ ಬೆಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಹೋದೋರು ನೋಡಿರ್ತೀರಿ. ಮೇಣದಬತ್ತಿ ಹಿಡಿದು ನಿಂತ ಸಾಲಲ್ಲಿ ಬುರ್ಖಾ ಹಾಕಿದ ಹೆಂಗಸ್ರೂ ಇರ್ತಾರೆ. ದೂರದ ಲೆಬನಾನ್ ದೇಶದಲ್ಲಿ ದೇವದೂತ ಮರಿಯಮ್ಮನಿಗೆ ಸುದ್ದಿ ಹೇಳಿದ ಮಾರ್ಚ್ 25ನ್ನ 2010ರಿಂದ ಎರಡೂ ಧರ್ಮದೋರಿಗೆ ಸೇರಿದ ಸರ್ಕಾರಿ ರಜೆ ಮಾಡವ್ರೆ. ಇಲ್ಲಿವರೆಗೆ "ಎಲ್ಲಾ ಒಂದೇ" ಅಂದೋರ ಮಾತಲ್ಲಿ ಸತ್ಯ ಅದೆ.

ಈಗ ಮಗನ ವಿಚಾರ. ಅವ್ರು ಯೇಸೂನ ಈಸಾ ಅಂತಾರೆ, ಹೆಸ್ರು ಹೇಳ್ದಾಗೆಲ್ಲ "ಅಲೈಹಿಸ್ಸಲಾಂ" ಅಂತ ಸೇರಿಸ್ತಾರೆ. ಸುಮ್ನೆ ಈಸಾ ಅಂತ ಅನ್ನಲ್ಲ. ಅವ್ರು ಮಸೀಹ್, ದೇವರ ಅಪ್ಪಣೆಯಿಂದ ಕುರುಡರಿಗೆ ಕಣ್ಣು ಕೊಟ್ರು, ಕುಷ್ಠ ವಾಸಿ ಮಾಡಿದ್ರು, ಸತ್ತೋರನ್ನ ಎಬ್ಬಿಸಿದ್ರು, ಕಡೇ ಕಾಲದಲ್ಲಿ ಮತ್ತೆ ಬತ್ತಾರೆ. ಇವೆಲ್ಲ ಅವ್ರ ನಂಬಿಕೇಲೂ ಅದೆ. ತೊಟ್ಟಿಲಲ್ಲಿದ್ದಾಗಲೇ ಮಾತಾಡಿ ತಾಯಿ ಮಾನ ಉಳಿಸಿದ್ರು ಅನ್ನೋದು ನಮ್ಮ ಬೈಬಲ್ಲಲ್ಲಿ ಇಲ್ದೇ ಇರೋದು, ಅವ್ರ ಕುರಾನಲ್ಲಿ ಅದೆ. ಆದ್ರೆ ಈಸಾ ಅವ್ರಿಗೆ ಪ್ರವಾದಿ. ದೇವರ ಮಗ ಅಲ್ಲ, ದೇವರಂತೂ ಅಲ್ಲವೇ ಅಲ್ಲ. ದೇವರು ಒಬ್ಬನೇ, ಹೆತ್ತೋನೂ ಅಲ್ಲ, ಹುಟ್ಟಿದೋನೂ ಅಲ್ಲ ಅನ್ನೋದು ಅವ್ರ ಧರ್ಮದ ಬುಡ. ಪಿತ, ಸುತ, ಪವಿತ್ರಾತ್ಮ ಅಂತ ನಾವು ಶಿಲುಬೆ ಗುರುತು ಹಾಕ್ಕೊಂಡ್ರೆ ಅವ್ರ ಕಿವಿಗೆ ಮೂರು ದೇವರು ಅಂದಂಗೆ ಕೇಳಿಸ್ತದೆ. ನಾವೂ ದೇವರು ಒಬ್ಬನೇ ಅಂತಲೇ ನಂಬೋದು, ಮೂರು ವ್ಯಕ್ತಿಗಳಾದ್ರೂ ಒಬ್ಬನೇ ದೇವರು ಅಂತ. ಇದನ್ನ ಆಪಾಗೆ ಬಿಡಿಸಿ ಹೇಳಕ್ಕೆ ಎರಡು ಸಂಜೆ ಕೂತಿದ್ದೆ. ಕಡೇಗೆ ಅವ್ರು, "ನಿಮ್ಮ ಲೆಕ್ಕ ನಂಗೆ ತಿಳೀಲಿಲ್ಲ, ಆದ್ರೆ ನೀವು ಮೂರು ದೇವ್ರನ್ನ ಇಟ್ಟಿಲ್ಲ ಅನ್ನೋದು ತಿಳೀತು" ಅಂದ್ರು. ನನಗಷ್ಟು ಸಾಕಾಯ್ತು.

ಚಿತ್ರ, ಪ್ರತಿಮೆ ವಿಚಾರದಲ್ಲೂ ಹಿಂಗೇ. ನಮ್ಮ ಕಪಾಲಬೆಟ್ಟದ ಮೇಲೆ 114 ಅಡಿ ಯೇಸು ಪ್ರತಿಮೆಗೆ 2019ರ ಕ್ರಿಸ್ಮಸ್ ದಿನ ಅಡಿಗಲ್ಲು ಹಾಕಿದ್ದು, ಮುಂದಿನ ಜನವರೀಲಿ ಕನಕಪುರದಲ್ಲಿ ಅದ್ರ ವಿರುದ್ಧ ಮೆರವಣಿಗೆ ನಡೆದದ್ದು ನಿಮ್ಗೆಲ್ಲ ನೆನಪದೆ. ಆವಾಗ ಆಪಾ ನಮ್ಮ ಬಗ್ಗೆ ಕಳವಳ ಪಟ್ರು, ಜೊತೆಗೇ "ದೇವ್ರಿಗೆ ಕಲ್ಲಲ್ಲಿ ರೂಪ ಯಾಕಮ್ಮ?" ಅಂತಾನೂ ಕೇಳಿದ್ರು. ಮಸೀದೀಲಿ ಚಿತ್ರ ಇಲ್ಲ, ಪ್ರತಿಮೆ ಇಲ್ಲ. ಆದ್ರೆ ಒಂದು ಗಮನಿಸಿ. ಚನ್ನಪಟ್ಟಣದಲ್ಲಿ ಟಿಪ್ಪೂನ ಗುರುಗಳು ಅಂತ ಹೇಳೋ ಅಕೀಲ್ ಷಾ ಖಾದ್ರಿ ಅವ್ರ ದರ್ಗಾ ಅದೆ. ಅಂಥ ದರ್ಗಾಗಳಿಗೆ ಹೋಗಿ ಹರಕೆ ಹೊರೋ ಮುಸ್ಲಿಮರೂ ಇರ್ತಾರೆ, ಅದು ಕೂಡದು ಅನ್ನೋ ಮುಸ್ಲಿಮರೂ ಇರ್ತಾರೆ. ನಮ್ಮಲ್ಲೂ ನೋಡಿ, ನಾವು ಮರಿಯಮ್ಮನ ಮುಂದೆ ಮೇಣದಬತ್ತಿ ಹಚ್ಚಿದ್ರೆ ಪ್ರೊಟೆಸ್ಟೆಂಟ್ ಸಭೆಯೋರಿಗೆ ಸರಿಬರಲ್ಲ. ಜಗಳ ಎರಡು ಧರ್ಮದ ನಡುವೆ ಮಾತ್ರ ಇರೋದಲ್ಲ, ಒಂದೊಂದು ಮನೆ ಒಳ್ಗೂ ಅದೆ.

ಹುಡುಗನ ತಾಯಿ ಹೋದ ತಿಂಗ್ಳು ಅಕ್ಕನ್ನ ನೋಡಕ್ಕೆ ನಮ್ಮ ಮನೇಗೆ ಬಂದಿದ್ರು. ಗೊಂಬೆ ಮಾಡೋ ಮನೆತನ. ಹಾಲೆ ಮರದ ತುಂಡನ್ನ ಮಿಷನ್ನಿಗೆ ಕೊಟ್ಟು, ತಿರುಗ್ತಾ ಇರೋವಾಗಲೇ ಅರಗಿನ ಬಣ್ಣ ಒತ್ತೋ ಕೆಲ್ಸ ಆಯಮ್ಮನಿಗೆ ಬತ್ತದೆ. ಮಣಿಗಳನ್ನೂ ಮಾಡ್ತಾರೆ. ಅಕ್ಕನ ಕೈಲಿದ್ದ ಜಪಸರ ನೋಡಿ ತಮ್ಮ ಚೀಲದಿಂದ ತಸ್ಬಿ ತೆಗೆದ್ರು. ನಮ್ದು ಹತ್ತತ್ತು ಮಣಿಯ ಐದು ಗುಂಪು, ನಡುವೆ ಬಿಡಿ ಮಣಿ, ತುದೀಲಿ ಶಿಲುಬೆ. ಅವ್ರದ್ದು ತೊಂಬತ್ತೊಂಬತ್ತು, ಇಲ್ಲಾಂದ್ರೆ ಮೂವತ್ಮೂರು. ಇಬ್ರೂ ಮಣಿ ಎಣಿಸಿ ನೋಡಿದ್ರು. ಮಾತು ಸಲೀಸಾಯ್ತು. ಮರಿಯಂ ನಮಗೂ ತಾಯಿ ಸಮಾನ ಅಂದ್ರು ಅವ್ರು. ಆಗ ಅಕ್ಕ, "ಹಂಗಾದ್ರೆ ಈ ಶಿಲುಬೆ?" ಅಂತ ತುದಿ ಎತ್ತಿ ತೋರಿಸಿದ್ಳು.

ಆಯಮ್ಮ ಸುಳ್ಳು ಹೇಳ್ಲಿಲ್ಲ. "ಅದು ನಮ್ಮಲ್ಲಿ ಇಲ್ಲಮ್ಮ. ಅವ್ರನ್ನ ಕೊಲ್ಲಕ್ಕಾಗ್ಲಿಲ್ಲ, ಶಿಲುಬೆಗೆ ಹಾಕಕ್ಕಾಗ್ಲಿಲ್ಲ, ಅಲ್ಲಾ ಮೇಲಕ್ಕೆ ಎತ್ಕೊಂಡ" ಅಂದ್ರು. ಕುರಾನಿನ ನಾಲ್ಕನೇ ಅಧ್ಯಾಯದಲ್ಲಿ ಇರೋದೂ ಅದೇ. ತನ್ನ ಪ್ರವಾದೀನ ದೇವರು ಅಂಥ ಅವಮಾನದ ಸಾವಿಗೆ ಬಿಡಲ್ಲ ಅನ್ನೋದು ಅವ್ರ ಮನಸ್ಸು. ದೇವರೇ ಆ ಸಾವನ್ನ ನಮಗೋಸ್ಕರ ಸತ್ತ, ಮೂರನೇ ದಿನ ಎದ್ದ ಅನ್ನೋದು ನಮ್ಮ ಮನಸ್ಸು. ಶುಭ ಶುಕ್ರವಾರವನ್ನೂ ಪಾಸ್ಕ ಹಬ್ಬವನ್ನೂ ತೆಗೆದಿಟ್ರೆ ನಮ್ಮ ಧರ್ಮದಲ್ಲಿ ಉಳಿಯೋದು ಒಳ್ಳೇ ಬುದ್ಧಿಮಾತು ಮಾತ್ರ. ಅಕ್ಕ ಶಿಲುಬೇನ ಮುಷ್ಟೀಲಿ ಹಿಡ್ಕೊಂಡು ಸುಮ್ಕೆ ಕೂತ್ಬುಟ್ಳು. ಭಾವ ತೀರ್ಕೊಂಡ ರಾತ್ರಿ ಅವ್ಳು ಹಿಡಿದಿದ್ದು ಅದೇ ಜಪಸರ ಅಂತ ನನಗೊಬ್ಬಳಿಗೆ ಗೊತ್ತಿತ್ತು. ಆಯಮ್ಮನೂ ಹೆಚ್ಚು ಮಾತಾಡದೆ ಕಾಫಿ ಲೋಟ ತೊಳೆಯಕ್ಕೆ ಎದ್ರು.

ನಮ್ಮೋರು ಒಂದು ಗಮನಿಸಬೇಕು. ಅವ್ರು ನಮ್ಮ ಯೇಸೂಗೆ ಗೌರವದ ಸ್ಥಾನ ಕೊಟ್ಟವ್ರೆ; ಮುಹಮ್ಮದರಿಗೆ ನಮ್ಮ ಧರ್ಮದಲ್ಲಿ ಪ್ರವಾದಿ ಸ್ಥಾನ ಇಲ್ಲ. ಅವ್ರ ಕಡೆಯಿಂದ ನೋಡಿದ್ರೆ ಇದು ಒಂದು ಕೈ ಚಪ್ಪಾಳೆ. ನಮ್ಮ ಕಡೆಯಿಂದ ನೋಡಿದ್ರೆ, ಗೌರವ ಕೊಟ್ರು ಸರಿ, ಆದ್ರೆ ಯಾವುದ್ರಿಂದ ಅವ್ರು ನಮ್ಮ ದೇವರೋ ಅದನ್ನೇ ತೆಗೆದಿಟ್ಟು ಗೌರವ ಕೊಟ್ರು ಅನ್ನಿಸ್ತದೆ. ಎರಡು ಕಡೆ ನೋವಿಗೂ ಕಾರಣ ಅದೆ. "ಎಲ್ಲಾ ಒಂದೇ" ಅಂದ್ರೆ ಈ ಎರಡು ನೋವನ್ನೂ ಕಸದಂಗೆ ಗುಡಿಸಿ ಹಾಕಿದಂಗಾಗ್ತದೆ.

ಹಂಗಂತ ಎಣ್ಣೆ ಸೀಗೇಕಾಯಿ ಅನ್ನೋದೂ ಸರಿಯಲ್ಲ. ಅಬ್ರಹಾಮ ಅವ್ರಿಗೆ ಇಬ್ರಾಹೀಂ. ಮಗನ್ನ ಬಲಿ ಕೊಡಕ್ಕೆ ಹೊರಟ ಕತೆ ಎರಡು ಕಡೇನೂ ಅದೆ. ಬೈಬಲ್ಲಲ್ಲಿ ಆ ಮಗ ಇಸಾಕ. ಕುರಾನಲ್ಲಿ ಆ ಜಾಗದಲ್ಲಿ ಹೆಸ್ರು ಹೇಳಿಲ್ಲ, ಹೆಚ್ಚು ಮುಸ್ಲಿಮರು ಇಸ್ಮಾಯಿಲ್ ಅಂತ ನಂಬ್ತಾರೆ. ಬಕ್ರೀದಿನ ಕುರ್ಬಾನಿ ಅದ್ರ ನೆನಪಿಗೇ. ಇಸ್ಮಾಯಿಲನ ತಾಯಿ ಹಾಗಾರ, ಅವ್ರ ಬಾಯಲ್ಲಿ ಹಾಜರಾ. ನಮ್ಮ ಆದಿಕಾಂಡದಲ್ಲಿ ಮನೆ ದಾಸಿ. ಮಗು ಸಮೇತ ಮನೆಯಿಂದ ಹೊರಗೆ ಹಾಕ್ತಾರೆ, ನೀರಿಲ್ದೆ ಮಗು ಸಾಯೋದು ನೋಡಲಾರೆ ಅಂತ ದೂರ ಹೋಗಿ ಅಳ್ತಾಳೆ, ದೇವರು ಬಾವಿ ತೋರಿಸ್ತಾನೆ. ಅವ್ರ ಕತೇಲಿ ಆಕೆ ಸಫಾ, ಮರ್ವಾ ಅನ್ನೋ ಎರಡು ಗುಡ್ಡದ ನಡುವೆ ಏಳು ಸಲ ನೀರಿಗಾಗಿ ಓಡ್ತಾಳೆ, ಜಂಜಂ ಉಕ್ತದೆ. ಹಜ್ಜಿಗೆ ಹೋದೋರೆಲ್ಲ, ರಾಜ ಆಗ್ಲಿ ಕೂಲಿ ಆಗ್ಲಿ, ಆ ತಾಯಿ ಓಡಿದ ದಾರೀಲೇ ಏಳು ಸಲ ನಡೀಬೇಕು. ಮನೆಯಿಂದ ಹೊರಗೆ ಹಾಕಿಸ್ಕೊಂಡ ಹೆಂಗ್ಸನ್ನ ಎರಡು ಗ್ರಂಥದಲ್ಲೂ ದೇವರು ಕೈಬಿಡಲಿಲ್ಲ. ಮಗಳನ್ನ ಮನೆಯಿಂದ ಆಚೆಗೆ ಹಾಕು ಅಂತ ಅಕ್ಕಂಗೆ ಹೇಳಿದೋರು ಇದನ್ನ ವಸಿ ಓದ್ಲಿ.

ಉಪವಾಸ ನೋಡಿ. 2025ರಲ್ಲಿ ಮಾರ್ಚ್ 2ಕ್ಕೆ ನಮ್ಮ ಬೀದೀಲಿ ರೋಜಾ ಶುರು ಆದ್ರೆ 5ಕ್ಕೆ ನಮ್ಮ ಬೂದಿ ಬುಧವಾರ. ಅವ್ರು ಬೆಳಗಿನ ಜಾವದಿಂದ ಹೊತ್ತು ಮುಳುಗೋವರೆಗೆ ನೀರು ಕೂಡ ಮುಟ್ಟಲ್ಲ, 29 ಇಲ್ಲಾ 30 ದಿನ. ನಮ್ದು ನಲವತ್ತು ದಿನದ ತಪಸ್ಸುಕಾಲ. ಆದ್ರೆ ಕಡ್ಡಾಯದ ಉಪವಾಸ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ, ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಆ ತಿಂಗ್ಳು ಶುಕ್ರವಾರದ ಸಂಜೆ ಆಪಾ ನಮ್ಮನೇಗೆ ಸಮೋಸ ಕಳಿಸಬೇಕಾದ್ರೆ ಆಲೂಗೆಡ್ಡೆದು ಬೇರೆ ಮಾಡಿ ಕಳಿಸೋರು. ನಾನು ಅವ್ರಿಗೆ ಪಾಸ್ಕ ಹಬ್ಬಕ್ಕೆ ಕೇಕು ಕೊಡಬೇಕಾದ್ರೆ ವೈನ್ ಹಾಕಲ್ಲ. ದಾನಕ್ಕೆ ಅವ್ರಲ್ಲಿ ಲೆಕ್ಕ ಅದೆ: ಒಂದು ಮಿತಿ ದಾಟಿದ ಉಳಿತಾಯ ಒಂದು ವರ್ಷ ಕೈಲಿದ್ರೆ ನೂರಕ್ಕೆ ಎರಡೂವರೆ ಜಕಾತ್. ನಮ್ಮಲ್ಲಿ ಹತ್ತರಲ್ಲಿ ಒಂದು ಪಾಲಿನ ಮಾತು ಬೈಬಲ್ಲಲ್ಲಿ ಅದೆ, ಕ್ಯಾಥೊಲಿಕ್ಕರು ಶಕ್ತಿಯಿದ್ದಷ್ಟು ಕೊಡೋದು. ಸತ್ರೆ ಇಬ್ರೂ ಹೂಳೋದೇ. ನಮ್ಮಲ್ಲಿ ಪೆಟ್ಟಿಗೆ, ಅವ್ರಲ್ಲಿ ಬಿಳೀ ಬಟ್ಟೆ, ಮುಖ ಮೆಕ್ಕಾ ದಿಕ್ಕಿಗೆ. ನವೆಂಬರ್ 2ಕ್ಕೆ ನಾವು ಸಮಾಧಿ ತೊಳೆದು ಬತ್ತಿ ಹಚ್ಚಿದಂಗೆ ಷಬೆಬರಾತ್ ರಾತ್ರಿ ಅವ್ರು ಖಬರಸ್ತಾನಕ್ಕೆ ಹೋಗ್ತಾರೆ.

ಹಳೇ ಕತೆ ಎತ್ತೋರಿಗೂ ಎರಡು ಮಾತು. ನಾನಿರೋ ಊರು ಟಿಪ್ಪು ಕಾಲದಲ್ಲಿ ಶಂಶೇರಾಬಾದ್, ಆಮೇಲೆ ಮೈಸೂರಿನ ರೆಸಿಡೆಂಟಾಗಿದ್ದ ಬ್ಯಾರಿ ಕ್ಲೋಸ್ ಹೆಸ್ರಲ್ಲಿ ಕ್ಲೋಸ್‌ಪೇಟೆ, ಈಗ ರಾಮನಗರ. ನಮ್ಮ ಬಂಡೆಕಲ್ಲಿಗೆ ಭೂವಿಜ್ಞಾನದೋರು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಹೇಳೋದು. ಮೈಸೂರು ಸೀಮೇಲಿ ನಮ್ಮ ಧರ್ಮದ ಬೇರು ಇಟಲಿಯ ಯೇಸುಸಭೆ ಗುರು ಲಿಯೊನಾರ್ಡೊ ಚಿನ್ನಮಿ 1640ರ ದಶಕದ ಕೊನೇಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲ್ತಾಗಿಂದ ಅದೆ. 1784ರಲ್ಲಿ ಕೆನರಾದ ಕ್ಯಾಥೊಲಿಕ್ಕರನ್ನ ಟಿಪ್ಪು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, ದಾರೀಲಿ, ಸೆರೇಲಿ ಎಷ್ಟೋ ಜನ ಸತ್ತದ್ದು ನಿಜ. ಅದನ್ನ ಮರೀರಿ ಅಂತ ನಾನು ಹೇಳಲ್ಲ. ಆದ್ರೆ ರಾಜರ ಯುದ್ಧದ ಸಾಲಾನ ಗೊಂಬೆ ಮಾಡೋ ಮನೆ ಹುಡುಗನ ತಲೆ ಮೇಲೆ ಹೊರಿಸಬಾರ್ದು. ಅದೇ ಟಿಪ್ಪೂನೇ ರೇಷ್ಮೆನ ಈ ಸೀಮೇಲಿ ಬೆಳೆಸಿದ್ದು, ನಮ್ಮ ಕಡೆ ಕ್ರೈಸ್ತ ರೈತ್ರೂ ಅದ್ರಲ್ಲೇ ಮಕ್ಳನ್ನ ಓದ್ಸವ್ರೆ.

ಇಸ್ಲಾಮಿನ ಮೊದಲ ದಿನಗಳಲ್ಲಿ, ಸುಮಾರು 615ರಲ್ಲಿ, ಮೆಕ್ಕಾದಲ್ಲಿ ಹಿಂಸೆ ತಾಳಲಾರ್ದೆ ಓಡಿ ಬಂದ ಮುಸ್ಲಿಮರಿಗೆ ಜಾಗ ಕೊಟ್ಟೋನು ಅಬಿಸೀನಿಯದ ಕ್ರೈಸ್ತ ರಾಜ. ಅವನ ಮುಂದೆ ಮರಿಯಂ ಅಧ್ಯಾಯ ಓದಿದ್ರು, ಅವನು ಅತ್ತ, ಇವ್ರನ್ನ ಹಿಡಿದು ಕೊಡಲ್ಲ ಅಂದ ಅಂತ ಅವ್ರ ಪರಂಪರೇಲಿ ಹೇಳ್ತಾರೆ. 1219ರಲ್ಲಿ ಶಿಲುಬೆಯುದ್ಧ ನಡೀತಿರೋವಾಗ ನಮ್ಮ ಅಸ್ಸಿಸಿಯ ಸಂತ ಫ್ರಾನ್ಸಿಸರು ಈಜಿಪ್ಟಿನ ಸುಲ್ತಾನನ್ನ ನೋಡಕ್ಕೆ ಹೋಗಿ ಸುರಕ್ಷಿತವಾಗಿ ವಾಪಸ್ ಬಂದ್ರು. ಜೆರುಸಲೇಮಲ್ಲಿ ಯೇಸುಸ್ವಾಮಿ ಸಮಾಧಿ ಇರೋ ದೇವಾಲಯದ ಬೀಗದ ಕೈ ಇವತ್ತಿಗೂ ಮುಸ್ಲಿಂ ಮನೆತನದ ಹತ್ರ ಅದೆ. 2019ರ ಫೆಬ್ರವರಿ 4ರಂದು ಪೋಪ್ ಫ್ರಾನ್ಸಿಸರೂ ಅಲ್ ಅಜ್ಹರಿನ ದೊಡ್ಡ ಇಮಾಮರೂ ಅಬುಧಾಬೀಲಿ ಕೂತು ಮನುಷ್ಯರೆಲ್ಲ ಒಡಹುಟ್ಟಿದೋರು ಅನ್ನೋ ಪತ್ರಕ್ಕೆ ಸಹಿ ಹಾಕಿದ್ರು. ದೊಡ್ಡೋರು ಸಹಿ ಹಾಕಿದ್ರು, ಸರಿ. ಅಕ್ಕನ ಮನೇಲಿ ಮಾತು ಇನ್ನೂ ಮುಗಿದಿಲ್ಲ.

ಈಗ ಮದ್ವೆ ಕಾನೂನು. ಗ್ರಂಥ ಇರೋ ಜನ ಅಂತ ಕ್ರೈಸ್ತ ಹೆಣ್ಣನ್ನ ಮುಸ್ಲಿಂ ಗಂಡು ಮದ್ವೆ ಆಗಬೌದು, ಅವಳು ಮತಾಂತರ ಆಗಲೇಬೇಕು ಅಂತಿಲ್ಲ. ಆದ್ರೆ ಮುಸ್ಲಿಂ ಹೆಣ್ಣು ಕ್ರೈಸ್ತ ಗಂಡನ್ನ ಆಗಂಗಿಲ್ಲ. ಮಕ್ಕಳು ತಂದೆ ಧರ್ಮ. ನಮ್ಮ ಚರ್ಚಲ್ಲಿ ಜ್ಞಾನಸ್ನಾನ ಆಗ್ದೇ ಇರೋರ ಜೊತೆ ಮದ್ವೆಗೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು. ನಮ್ಮ ಹುಡುಗಿ ತನ್ನ ನಂಬಿಕೆ ಬಿಡಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಕ್ಕೆ ಕೈಲಾದದ್ದೆಲ್ಲ ಮಾಡ್ತೀನಿ ಅಂತ ಮಾತು ಕೊಡಬೇಕು. ಹುಡುಗನಿಗೆ ಆ ಮಾತು ತಿಳಿಸ್ತಾರೆ, ಅವನು ಮಾತು ಕೊಡಬೇಕಾಗಿಲ್ಲ. ವಿನಾಯಿತಿ ಇಲ್ದೆ ಬರೀ ರಿಜಿಸ್ಟ್ರಾರ್ ಮುಂದೆ ಆದ್ರೆ ಚರ್ಚಿನ ಲೆಕ್ಕದಲ್ಲಿ ಅದು ಮದ್ವೆ ಆಗಲ್ಲ, ಅವಳು ಪರಮಪ್ರಸಾದ ತಗೊಳ್ಳಂಗಿಲ್ಲ. ಅಕ್ಕನಿಗೆ ರಾತ್ರಿ ನಿದ್ದೆ ಬರದೇ ಇರೋದು ಇದಕ್ಕೇನೇ.

ಸರ್ಕಾರದ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ರಾದ್ರೂ 30 ದಿನ ವಾಸ ಇರೋ ಜಿಲ್ಲೇಲಿ ನೋಟೀಸ್ ಕೊಡಬೇಕು, ಅದನ್ನ ಆಫೀಸಲ್ಲಿ ಅಂಟಿಸ್ತಾರೆ, 30 ದಿನ ಕಾಯಬೇಕು, ಮದ್ವೆ ದಿನ ಮೂರು ಜನ ಸಾಕ್ಷಿ. ಹುಡುಗನಿಗೆ 21, ಹುಡುಗಿಗೆ 18 ಆಗಿರಬೇಕು, ಮೊದಲ ಮದ್ವೆ ಉಳಿದಿರಬಾರ್ದು. ತಕರಾರು ಹಾಕೋದು ಇಂಥ ಷರತ್ತಿನ ಮೇಲೆ ಮಾತ್ರ, ನಮ್ಗೆ ಇಷ್ಟ ಇಲ್ಲ ಅಂತ ಹಾಕಕ್ಕಾಗಲ್ಲ. ಇಬ್ರೂ ತಂತಮ್ಮ ಧರ್ಮದಲ್ಲೇ ಉಳೀಬೌದು. ಹೆಣ್ಣು ಹೆತ್ತೋರು ನೋಡಬೇಕಾದ್ದು ಇನ್ನೊಂದದೆ. ಬರೀ ನಿಕಾಹ್ ಆದ್ರೆ, ಬೇರೆ ಧರ್ಮದಲ್ಲೇ ಉಳಿದ ಹೆಂಡ್ತಿಗೆ ಗಂಡನ ಆಸ್ತೀಲಿ ವಾರಸುದಾರಿಕೆ ಪಾಲು ಮುಸ್ಲಿಂ ಕಾನೂನಲ್ಲಿ ಬರಲ್ಲ, ಮೆಹರ್ ಬತ್ತದೆ. ವಿಶೇಷ ವಿವಾಹ ಕಾಯ್ದೇಲಿ ಆದ್ರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ನಡೀತದೆ: ವಿಲ್ಲು ಇಲ್ಲದಿದ್ರೆ ಹೆಂಡ್ತಿಗೆ ಮೂರರಲ್ಲಿ ಒಂದು, ಮಿಕ್ಕದ್ದು ಮಕ್ಕಳಿಗೆ. ಒಬ್ಬಳು ಇರೋವಾಗ ಇನ್ನೊಬ್ಬಳನ್ನ ಕಟ್ಕೊಳ್ಳಂಗೂ ಇಲ್ಲ.

ಕಾನೂನು ಎಲ್ಲಾ ಬಗೆಹರಿಸಿ ಕಡೇಗೆ ಒಂದನ್ನ ಇವ್ರಿಬ್ರಿಗೇ ಬಿಡ್ತದೆ. ಮಗು ಹುಟ್ಟಿದ್ರೆ ಕಿವೀಲಿ ಆಜಾನೋ, ತಲೆ ಮೇಲೆ ಜ್ಞಾನಸ್ನಾನದ ನೀರೋ? ಎರಡು ಅಜ್ಜೀರೂ ಒಳ್ಳೇವ್ರೇ. ಇಬ್ರಿಗೂ ಇದು ಹಟ ಅಲ್ಲ, ಮಗೂಗೆ ಕೊಡಬೇಕಾದ ಮೊದಲ ಒಳ್ಳೇದು ಇದು ಅನ್ನೋ ನಂಬಿಕೆ. ಎರಡನ್ನೂ ಮಾಡಿಬಿಡಣ ಅಂತ ನಮ್ಮ ಚಿಕ್ಕತ್ತೆ ಅಂದ್ರು. ಮಾಡಬೌದು, ನೀರು ಹಾಕೋದು ಕಷ್ಟ ಅಲ್ಲ. ಹತ್ತು ವರ್ಷದಲ್ಲಿ ಆ ಮಗು "ಅಮ್ಮಾ, ಯೇಸುಸ್ವಾಮಿ ಸತ್ರಾ ಇಲ್ವಾ?" ಅಂತ ಕೇಳ್ತದಲ್ಲ, ಆಗ ಏನು ಹೇಳ್ತಾರೆ ಅನ್ನೋದು ಮುಖ್ಯ. ನಮ್ಮ ಮನೇಲಿ ಹಿಂಗೆ ನಂಬ್ತೀವಿ, ನಿಮ್ಮಪ್ಪನ ಮನೇಲಿ ಹಂಗೆ ನಂಬ್ತಾರೆ ಅಂತ ಇಬ್ರೂ ಇನ್ನೊಬ್ಬರ ನಂಬಿಕೆನ ಹೀನಾಯ ಮಾಡದೆ ಹೇಳೋ ಧೈರ್ಯ ಇದ್ರೆ ಮನೆ ನಿಲ್ಲುತ್ತೆ. ಇಲ್ದಿದ್ರೆ ಎಷ್ಟು ಕಾಗದ ಇದ್ರೂ ನಿಲ್ಲಲ್ಲ.

ಮಕ್ಕಳು ಇನ್ನೂ ನೋಟೀಸ್ ಕೊಟ್ಟಿಲ್ಲ. ನಾಲ್ಕು ಪ್ರಶ್ನೆ ಕ್ಯಾಲೆಂಡರ್ ಹಿಂದೆ ಬರೆದು ಕೊಟ್ಟಿದೀನಿ: ಮಕ್ಕಳ ಧರ್ಮ ಏನು, ಭಾನುವಾರ ಅವಳು ಪೂಜೆಗೆ ಹೋಗಬೌದಾ, ಗೋಡೆ ಮೇಲೆ ಶಿಲುಬೆ ಇರ್ತದಾ, ಸತ್ರೆ ಯಾರನ್ನ ಎಲ್ಲಿ ಹೂಳೋದು. ಉತ್ತರ ಇಬ್ರೂ ಬೇರೆಬೇರೆ ಬರೀಬೇಕು, ಆಮೇಲೆ ಪಕ್ಕಪಕ್ಕ ಇಡಬೇಕು ಅಂದಿದೀನಿ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಎರಡು ಕಡೆಯೋರೂ ನಮ್ಮನೇಲಿ ಕೂತು ಓದೋದು. ಮಾಂಸ ಆಪಾ ಹೇಳಿದ ಅಂಗಡಿಯಿಂದಲೇ ತರಿಸ್ತೀನಿ. ಮುದ್ದೆ, ಸಾರು, ಅನ್ನ. ಅಕ್ಕಂಗೆ ಧೈರ್ಯ ಹೇಳೋರು ಯಾರಾದ್ರೂ ಬರೋದಾದ್ರೆ ಬನ್ನಿ. ಬರಕ್ಕಾಗದೋರು, ಹಿಂಗೆ ಎರಡು ಧರ್ಮ ಇಟ್ಕೊಂಡು ಮಕ್ಕಳನ್ನ ಬೆಳೆಸಿದ ಮನೆ ನಿಮ್ಮ ಕಡೆ ಇದ್ರೆ, ಅವ್ರು ಏನು ಮಾಡಿದ್ರು ಅಂತ ಕೇಳಿ ತಿಳ್ಸಿ. ಶನಿವಾರದೊಳಗೆ ತಿಳಿಸಿದ್ರೆ ಅನುಕೂಲ.